ಪುಸ್ತಕದಲ್ಲಿರುವುದು ಯಾವ ನಂದಿದುರ್ಗ? ಚಾರಣದ ಕೈಪಿಡಿಯನ್ನು ನಂಬುವ ಮುನ್ನ ನೋಡಬೇಕಾದದ್ದು

'ಕೋಲಾರ ಜಿಲ್ಲೆಯ ನಂದಿದುರ್ಗ' ಎಂದು ಯಾವುದಾದರೂ ಪ್ರವಾಸಿ ಕೈಪಿಡಿಯಲ್ಲಿ ಓದಿದರೆ ಅದು ಸರಿಯೋ ತಪ್ಪೋ? ಥಟ್ಟನೆ ಉತ್ತರ ಹೇಳುವುದು ಕಷ್ಟ. ನಾವೆಲ್ಲ ನಂದಿ ಬೆಟ್ಟ ಎಂದು ಕರೆಯುವ ನಂದಿದುರ್ಗ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು. ಆ ವರ್ಷ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದಾಗ ಬೆಟ್ಟವೂ ಅದರ ಜೊತೆ ಹೋಯಿತು. ಇಷ್ಟೇ ಆಗಿದ್ದರೆ ಪುಸ್ತಕ ಹಳೆಯದು ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಕೋಲಾರ ಜಿಲ್ಲೆಯಲ್ಲಿ ಇವತ್ತಿಗೂ ಇನ್ನೊಂದು ನಂದಿದುರ್ಗ ಇದೆ. ಕೆಜಿಎಫ್‌ನಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಬೆಟ್ಟ ನೆನಪಾಗುವುದಿಲ್ಲ, ಗಣಿ ನೆನಪಾಗುತ್ತದೆ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ: ಇವು ಅಲ್ಲಿನ ಹೆಸರಾಂತ ಚಿನ್ನದ ಗಣಿಗಳು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೂ ಹೆಸರುಗಳು ಉಳಿದಿವೆ. ಬೆಟ್ಟಕ್ಕೂ ಗಣಿಗೂ ನೇರ ಗೆರೆ ಎಳೆದರೂ 75 ಕಿಲೋಮೀಟರ್‌ಗಿಂತ ಹೆಚ್ಚು ದೂರ.

ಬೆಂಗಳೂರಿನ ಸುತ್ತಲಿನ ಬೆಟ್ಟಗಳ ಬಗ್ಗೆ ಅಚ್ಚಾದ ಪುಸ್ತಕಗಳು, ಕಿರುಹೊತ್ತಗೆಗಳು, 'ವಾರಾಂತ್ಯದ 50 ತಾಣಗಳು' ತರಹದ ಸಂಗ್ರಹಗಳು ಸಾಕಷ್ಟು ಸಿಗುತ್ತವೆ. ಅಚ್ಚಿನಲ್ಲಿದೆ ಎಂದರೆ ಯಾರೋ ನಡೆದು ನೋಡಿ ಬರೆದಿರುತ್ತಾರೆ ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಈ ನಂಬಿಕೆ ಎಷ್ಟು ಸರಿ? ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಪುಸ್ತಕ ಕೈಯಲ್ಲಿ ಹಿಡಿದು ಹತ್ತು ನಿಮಿಷದಲ್ಲಿ ಅದನ್ನು ಪರೀಕ್ಷಿಸುವುದು ಹೇಗೆ?

ಒಂದೇ ಪುಟ, ನಾಲ್ಕು ವಯಸ್ಸು

ಚಾರಣದ ಪುಸ್ತಕದ ಒಂದು ಪುಟದಲ್ಲಿ ಇರುವ ಮಾಹಿತಿಯೆಲ್ಲ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಬೆಟ್ಟದ ಎತ್ತರ ನಮ್ಮ ಜೀವಮಾನದಲ್ಲಿ ಬದಲಾಗುವುದಿಲ್ಲ. ಕಾಲುದಾರಿ ಕೆಲವು ವರ್ಷಗಳಲ್ಲಿ ಬದಲಾಗುತ್ತದೆ: ಲಂಟಾನ ಬೆಳೆದು ಮುಚ್ಚಿಹೋಗುತ್ತದೆ, ಕ್ವಾರಿ ಬರುತ್ತದೆ, ಬೇಲಿ ಬೀಳುತ್ತದೆ. ನೀರು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಪ್ರವೇಶದ ನಿಯಮವಂತೂ ಒಂದೇ ವಾರದಲ್ಲಿ ಬದಲಾಗಬಹುದು.

2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ನಂದಿ ಬೆಟ್ಟದ ರಸ್ತೆ ಕುಸಿದು ಬೆಟ್ಟದ ಮೇಲಕ್ಕೆ ವಾಹನ ಸಂಚಾರ ನಿಂತಿತು. ಅದರ ಹಿಂದಿನ ತಿಂಗಳು ಅಚ್ಚಾದ ಪುಸ್ತಕ ಕೂಡ ಆ ದಿನದಿಂದ ತಪ್ಪಾಯಿತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ವಿಡಿಯೋ ನೀವೂ ನೋಡಿರಬಹುದು. ಅದಾದ ಕೆಲವೇ ದಿನಗಳಲ್ಲಿ, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣಗಳಿಗೆ ಅರಣ್ಯ ಇಲಾಖೆ ತಡೆ ಹಾಕಿತು. ಆಮೇಲೆ 'ಅರಣ್ಯ ವಿಹಾರ' ಎಂಬ ಸರ್ಕಾರಿ ಬುಕಿಂಗ್ ತಾಣ ಬಂತು. 'ಯಾವಾಗ ಬೇಕಾದರೂ ಹೋಗಬಹುದು, ಅನುಮತಿ ಬೇಡ' ಎಂದು 2019ರಲ್ಲಿ ಬರೆದವರು ಸುಳ್ಳು ಬರೆದಿರಲಿಲ್ಲ. ಆದರೆ ಅದನ್ನು ಓದಿ ಇವತ್ತು ಹೊರಟವರು ಗೇಟಿನಿಂದ ವಾಪಸು ಬರಬೇಕಾಗುತ್ತದೆ. ಗೇಟು ತಪ್ಪಿಸಿ ಒಳಗೆ ಹೋದರೆ ಕರ್ನಾಟಕ ಅರಣ್ಯ ಕಾಯ್ದೆ, 1963ರ ಕೆಳಗೆ ಅಕ್ರಮ ಪ್ರವೇಶದ ಪ್ರಕರಣವಾಗಬಹುದು.

ಹಾಗಾಗಿ ಒಳ್ಳೆಯ ಕೈಪಿಡಿಯ ಮೊದಲ ಗುಣವೆಂದರೆ ಈ ನಾಲ್ಕು ಬಗೆಯ ಮಾಹಿತಿಯನ್ನು ಅದು ಕಲಸುಮೇಲೋಗರ ಮಾಡುವುದಿಲ್ಲ. 'ನಾವು ಈ ದಾರಿಯಲ್ಲಿ ನಡೆದದ್ದು ಇಂಥ ತಿಂಗಳು, ಇಂಥ ವರ್ಷ' ಎಂದು ಹೇಳುತ್ತದೆ. ನಿಯಮದ ವಿಷಯ ಬಂದಾಗ ಯಾವ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಬೇಕು ಎಂದು ಹೇಳಿ ನಿಲ್ಲಿಸುತ್ತದೆ.

ಮುದ್ರಣ ಬೇರೆ, ಆವೃತ್ತಿ ಬೇರೆ

ಕನ್ನಡ ಪುಸ್ತಕದ ಮೊದಲ ಹಾಳೆ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತದೆ: ಮೊದಲ ಮುದ್ರಣ ಇಂಥ ವರ್ಷ, ಎರಡನೇ ಮುದ್ರಣ ಇಂಥ ವರ್ಷ. ಅಂಗಡಿಯಲ್ಲಿ ಬಹಳ ಜನ ಕೊನೆಯ ವರ್ಷ ನೋಡಿ 'ಹೊಸದು' ಎಂದುಕೊಳ್ಳುತ್ತಾರೆ. ಮುದ್ರಣ ಎಂದರೆ ಅದೇ ಹಾಳೆಗಳನ್ನು ಮತ್ತೆ ಅಚ್ಚು ಹಾಕಿದ್ದು, ಅಷ್ಟೆ. ಒಳಗಿನ ಮಾತು ಬದಲಾಗಿದೆ ಎಂದು ತಿಳಿಯಬೇಕಾದರೆ 'ಪರಿಷ್ಕೃತ ಆವೃತ್ತಿ' ಎಂಬ ಪದ ಇರಬೇಕು. ಏನು ಪರಿಷ್ಕರಿಸಿದ್ದಾರೆ ಎಂದು ಮುನ್ನುಡಿಯಲ್ಲಿ ನಾಲ್ಕು ಸಾಲಾದರೂ ಇರಬೇಕು. ಕಾದಂಬರಿಗೆ ಈ ವ್ಯತ್ಯಾಸ ಅಷ್ಟು ಮುಖ್ಯವಲ್ಲ. ದಾರಿ ತೋರಿಸುವ ಪುಸ್ತಕಕ್ಕೆ ಇದು ಜೀವದ ವಿಷಯ.

ಆ ಪಟ್ಟಿ ಕಿತ್ತುಹೋಗಿದ್ದರೆ, ಅಥವಾ ಮೊದಲೇ ಹಾಕಿರದಿದ್ದರೆ, ಪುಸ್ತಕದ ವಯಸ್ಸನ್ನು ಒಳಗಿನ ಮಾತಿನಿಂದಲೇ ಹಿಡಿಯಬಹುದು. ನಮ್ಮ ಭಾಗದಲ್ಲಿ ಇದು ಸುಲಭ. ನಂದಿ ಬೆಟ್ಟ ಕೋಲಾರ ಜಿಲ್ಲೆಯಲ್ಲಿದ್ದರೆ ಬರಹ 2007ಕ್ಕಿಂತ ಹಿಂದಿನದು, ಇಲ್ಲವೇ ಹಿಂದಿನದರ ನಕಲು. ಕೆಜಿಎಫ್ ಅನ್ನು ಬಂಗಾರಪೇಟೆ ತಾಲ್ಲೂಕಿನ ಊರು ಎಂದಿದ್ದರೆ, ಅದು ಬೇರೆ ತಾಲ್ಲೂಕಾಗುವ ಮೊದಲಿನದು. ಬಂಗಾರಪೇಟೆಯನ್ನೇ ಬೌರಿಂಗ್‌ಪೇಟೆ ಎಂದು ಕರೆದಿದ್ದರೆ ಮೂಲ ಬರಹ ಬ್ರಿಟಿಷರ ಕಾಲದ ಗ್ಯಾಸೆಟಿಯರ್‌ವರೆಗೂ ಹೋಗಬಹುದು. ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಅದು. ಹಳೆಯ ಗ್ಯಾಸೆಟಿಯರ್ ಕೆಟ್ಟದ್ದು ಎಂದು ನನ್ನ ಮಾತಲ್ಲ. ಕೋಟೆಯ ಇತಿಹಾಸಕ್ಕೆ, ಶಾಸನಕ್ಕೆ ಬಿ.ಎಲ್. ರೈಸ್ ಅವರ ಸಂಪುಟಗಳನ್ನು ಇವತ್ತೂ ತೆಗೆದು ನೋಡಬೇಕು. ಅದರಲ್ಲಿನ ಕಾಲುದಾರಿಯನ್ನು ಹಿಡಿದು ಬೆಟ್ಟ ಹತ್ತಬಾರದು, ಅಷ್ಟೆ.

ಚಾರಣ ಸಾಹಿತ್ಯದಲ್ಲಿ ಬಹಳ ಗೌರವ ಪಡೆದ ಆಲ್ಫ್ರೆಡ್ ವೇನ್‌ರೈಟ್ ಅವರ ಉದಾಹರಣೆ ಇಲ್ಲಿ ಉಪಯುಕ್ತ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳನ್ನು ಸ್ವತಃ ಹತ್ತಿಳಿದು, ನಕ್ಷೆ, ಚಿತ್ರ, ಅಕ್ಷರ ಎಲ್ಲವನ್ನೂ ಕೈಯಲ್ಲೇ ಬರೆದು 1955ರಿಂದ 1966ರ ನಡುವೆ ಅವರು ಏಳು ಪುಸ್ತಕ ತಂದರು. ಅಷ್ಟು ನಿಖರವಾದ ಕೆಲಸವನ್ನೂ ಕಾಲ ಬಿಡಲಿಲ್ಲ. ದಾರಿಗಳು ಬದಲಾದ್ದರಿಂದ ಅವರ ನಂತರ ಕ್ರಿಸ್ ಜೆಸ್ಟಿ ಎಂಬುವರು ಮತ್ತೆ ಎಲ್ಲ ಬೆಟ್ಟ ನಡೆದು ಪರಿಷ್ಕರಿಸಬೇಕಾಯಿತು. ನಮ್ಮಲ್ಲಿ ಮಹಾರಾಷ್ಟ್ರದ ಸಹ್ಯಾದ್ರಿಗೆ ಹರೀಶ್ ಕಪಾಡಿಯಾ ಅವರ ಕೈಪಿಡಿ ಹಲವು ಆವೃತ್ತಿ ಕಂಡಿದೆ. ಕೋಲಾರ, ಚಿಕ್ಕಬಳ್ಳಾಪುರದ ಬೆಟ್ಟಸಾಲಿಗೆ ಹೀಗೆ ಒಬ್ಬರೇ ಕೂತು ದಶಕಗಟ್ಟಲೆ ತಿದ್ದಿದ ಪುಸ್ತಕ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಅದಕ್ಕೇ ಓದುಗರೇ ಪರೀಕ್ಷಕರಾಗಬೇಕು.

ಗೊತ್ತಿರುವ ಬೆಟ್ಟದ ಪುಟ ತೆಗೆಯಿರಿ

ಹೋಗಬೇಕೆಂದಿರುವ ಬೆಟ್ಟದ ಪುಟವನ್ನು ಮೊದಲು ಓದಬೇಡಿ. ನೀವು ಹತ್ತು ಸಲ ಹೋಗಿಬಂದ ಜಾಗದ ಪುಟ ತೆಗೆಯಿರಿ. ಕೋಲಾರದವರಾದರೆ ಅಂತರಗಂಗೆ ಇದ್ದೇ ಇದೆ. ಮುಳಬಾಗಿಲಿನವರಿಗೆ ಆವಣಿ ಬೆಟ್ಟ. ಟೇಕಲ್ ಕಡೆಯವರಿಗೆ ಊರಿನ ಪಕ್ಕದ ಬಂಡೆಬೆಟ್ಟ. ಕಾಶಿ ವಿಶ್ವೇಶ್ವರ ದೇವಸ್ಥಾನದವರೆಗೆ ಮೆಟ್ಟಿಲು, ಬಸವನ ಬಾಯಿಂದ ಬೀಳುವ ನೀರು: ಇಷ್ಟು ಎಲ್ಲರೂ ಬರೆಯುತ್ತಾರೆ. ಅದರಾಚೆ ಏನಿದೆ ಎಂದು ನೋಡಿ. ಮೇಲಿನ ಗುಹೆಗಳು ನೆಲ ಕೊರೆದು ಆದ ಗುಹೆಗಳಲ್ಲ, ಒಂದರ ಮೇಲೊಂದು ಕೂತ ಗುಂಡುಬಂಡೆಗಳ ನಡುವಿನ ಸಂದುಗಳು ಎಂದು ಹೇಳಿದೆಯೇ? ಮಳೆಗಾಲದಲ್ಲಿ ಆ ಬಂಡೆ ಜಾರುತ್ತದೆ ಎಂದಿದೆಯೇ? ಕೋತಿಗಳ ವಿಷಯ ಇದೆಯೇ? ಗೊತ್ತಿರುವ ಜಾಗದ ಬಗ್ಗೆ ಮೂರು ತಪ್ಪು ಮಾಡಿದ ಪುಸ್ತಕ, ಗೊತ್ತಿಲ್ಲದ ಜಾಗದ ಬಗ್ಗೆ ತಪ್ಪು ಮಾಡಿಲ್ಲ ಎಂದು ನಂಬಲು ಕಾರಣವೇ ಇಲ್ಲ. ಸಂವಹನ ಓದುವಾಗ ವರದಿಗಳನ್ನು ಹೀಗೇ ಪರೀಕ್ಷಿಸುತ್ತಿದ್ದೆವು. ಬೆಟ್ಟಕ್ಕೂ ಇದು ಅನ್ವಯಿಸುತ್ತದೆ.

ಇನ್ನೊಂದು ಪರೀಕ್ಷೆ ಹೆಸರಿನದು. ಪುಸ್ತಕಗಳಲ್ಲಿ ಸ್ಕಂದಗಿರಿ ಎಂದಿರುವುದನ್ನು ಬುಡದ ಊರಿನವರು ಕಳವಾರ ಬೆಟ್ಟ ಎನ್ನುತ್ತಾರೆ. ದಾರಿ ತಪ್ಪಿದಾಗ ಕುರಿ ಮೇಯಿಸುವವರನ್ನು 'ಸ್ಕಂದಗಿರಿ ಎಲ್ಲಿ?' ಎಂದು ಕೇಳಿದರೆ ಉತ್ತರ ಸಿಗದೇ ಹೋಗಬಹುದು. 'ಕಳವಾರ ಬೆಟ್ಟಕ್ಕೆ ಪಾಪಾಗ್ನಿ ಮಠದ ಕಡೆ ಹೇಗೆ ಹೋಗೋದಣ್ಣ?' ಎಂದರೆ ಕೈ ತೋರಿಸಿಯಾರು. ಕೋಲಾರ ಸೀಮೆಯಲ್ಲಿ ಕನ್ನಡದ ಜೊತೆ ತೆಲುಗು, ತಮಿಳು ಎರಡೂ ಮನೆಮಾತು. ಒಂದೇ ಗುಡ್ಡ ಒಬ್ಬರಿಗೆ ಬೆಟ್ಟ, ಇನ್ನೊಬ್ಬರಿಗೆ ಕೊಂಡ. ಊರವರ ಬಾಯಲ್ಲಿರುವ ಹೆಸರನ್ನು ದಾಖಲಿಸಿದ ಲೇಖಕರು ಆ ಊರಲ್ಲಿ ನಿಂತು ಮಾತಾಡಿದ್ದಾರೆ ಎಂದು ಧೈರ್ಯವಾಗಿ ಊಹಿಸಬಹುದು.

ನಡೆಯದೇ ಬರೆದ ಪುಸ್ತಕಗಳು ಈಗ ಮೊದಲಿಗಿಂತ ಹೆಚ್ಚು. 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಕಳಪೆ ಪ್ರವಾಸಿ ಕೈಪಿಡಿಗಳ ಬಗ್ಗೆ ವರದಿ ಮಾಡಿತ್ತು. ಯಂತ್ರದಿಂದ ಬರೆಸಿದಂತೆ ಕಾಣುವ ಪಠ್ಯ, ಹಿನ್ನೆಲೆಯೇ ಸಿಗದ ಲೇಖಕರು, ಕೃತಕ ಮೆಚ್ಚುಗೆಗಳು. ಇಂಥ ಬರಹದ ಗುರುತು ಸುಲಭ. 'ರಮಣೀಯ', 'ಮನಮೋಹಕ', 'ಸಾಹಸಪ್ರಿಯರ ಸ್ವರ್ಗ' ಎಂಬ ಪದಗಳು ಧಾರಾಳವಾಗಿರುತ್ತವೆ; 'ಎಡಕ್ಕೆ ತಿರುಗಿ' ಎಂಬ ಪದ ಇರುವುದೇ ಇಲ್ಲ. ಹಾಗೆಂದು ಎಲ್ಲ ತಪ್ಪನ್ನೂ ಯಂತ್ರದ ತಲೆಗೆ ಕಟ್ಟಬೇಕಿಲ್ಲ. ಒಬ್ಬರ ಬರಹ ಇನ್ನೊಬ್ಬರು ಇಳಿಸಿಕೊಳ್ಳುವ ಚಟ ನಮಗೆ ಅದಕ್ಕಿಂತ ಹಳೆಯದು.

ಲೆಕ್ಕ ಹಾಕಿ ನೋಡಿ

ಪುಸ್ತಕದ ಅಂಕಿಗಳನ್ನು ಪರೀಕ್ಷಿಸಲು ಬೆಟ್ಟಕ್ಕೆ ಹೋಗಲೇಬೇಕಿಲ್ಲ. ಮೊದಲು ಎತ್ತರ. ನಂದಿ ಬೆಟ್ಟ 4,851 ಅಡಿ, ಅಂದರೆ ಸುಮಾರು 1,478 ಮೀಟರ್. ಅಡಿಯ ಅಂಕಿಯ ಮುಂದೆ 'ಮೀಟರ್' ಎಂದು ಅಚ್ಚಾದರೆ ನಮ್ಮ ನಂದಿ ಆಲ್ಪ್ಸ್‌ನ ಮೋಂ ಬ್ಲಾಂಗಿಂತ ಎತ್ತರವಾಗಿಬಿಡುತ್ತದೆ! ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಅದಕ್ಕಿಂತ ದೊಡ್ಡ ಅಂಕಿ ಕಂಡರೆ ಪುಸ್ತಕ ಮುಚ್ಚಿಡಿ.

ಆಮೇಲೆ ಸಮಯ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸರಳ ಸೂತ್ರವನ್ನು ಚಾರಣಿಗರು ಇನ್ನೂ ಬಳಸುತ್ತಾರೆ: ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಒಂದು ದಾರಿ 4 ಕಿಲೋಮೀಟರ್ ಉದ್ದ, ಏರು 450 ಮೀಟರ್ ಎಂದುಕೊಳ್ಳಿ. ದೂರಕ್ಕೆ 48 ನಿಮಿಷ, ಏರಿಗೆ 45 ನಿಮಿಷ; ಒಟ್ಟು ಒಂದೂವರೆ ಗಂಟೆ. ಇದು ಅಭ್ಯಾಸವಿರುವವರು ಎಲ್ಲೂ ಕೂರದೆ ನಡೆದರೆ ಆಗುವ ಲೆಕ್ಕ. ಮಕ್ಕಳಿದ್ದರೆ, ಬಿಸಿಲಿದ್ದರೆ ಎರಡೂವರೆ ಗಂಟೆಯಾದರೂ ಅಚ್ಚರಿಯಿಲ್ಲ. ಅದೇ ದಾರಿಗೆ ಪುಸ್ತಕ '40 ನಿಮಿಷ ಸಾಕು' ಎಂದರೆ ಬರೆದವರು ಓಡಿರಬೇಕು, ಅಥವಾ ಹೋಗೇ ಇಲ್ಲ. ಕತ್ತಲಾಗುವ ಮುನ್ನ ಇಳಿಯುತ್ತೀರೋ ಇಲ್ಲವೋ ಎಂಬುದು ಈ ಅಂಕಿಯ ಮೇಲೆ ನಿಂತಿದೆ.

ಚಳಿಯ ವಿಷಯವನ್ನೂ ಹೀಗೇ ನೋಡಬಹುದು. 'ಬೆಟ್ಟದ ಮೇಲೆ ಬೆಂಗಳೂರಿಗಿಂತ ಹತ್ತು ಡಿಗ್ರಿ ತಂಪು' ಎಂಬ ಮಾತು ಬಹಳ ಕೇಳುತ್ತೇವೆ. ಎತ್ತರ ಒಂದು ಕಿಲೋಮೀಟರ್ ಹೆಚ್ಚಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ನಂದಿಗೂ ಅದಕ್ಕೂ 560 ಮೀಟರ್ ಅಂತರ. ಅಂದರೆ ಮೂರೂವರೆ ಡಿಗ್ರಿ ಆಸುಪಾಸು. ಗಾಳಿ, ಮಂಜಿನಿಂದ ಮೈಗೆ ಇನ್ನೂ ತಂಪೆನಿಸುತ್ತದೆ, ನಿಜ. ಆದರೆ ತಂಪಿದೆ ಎಂದು ನೀರು ಕಡಿಮೆ ಒಯ್ದರೆ ಹತ್ತು ಗಂಟೆಯ ನಂತರ ಬರಿಬಂಡೆ ಕಾಯತೊಡಗಿದಾಗ ಗೊತ್ತಾಗುತ್ತದೆ. ಇದರ ಜೊತೆ ಇನ್ನೊಂದು ಗೊಂದಲ: 'ಅರ್ಕಾವತಿ, ಪಿನಾಕಿನಿ ಹುಟ್ಟುವ ಬೆಟ್ಟ' ಎಂದು ಓದಿದವರು ಮೇಲೆ ಹೊಳೆ ಹರಿಯುತ್ತಿರುತ್ತದೆ ಎಂದು ಕಲ್ಪಿಸಿಕೊಳ್ಳುತ್ತಾರೆ. ಈ ಸಾಲಿನ ಸುತ್ತ ಹುಟ್ಟುವ ನದಿಗಳು ಮಳೆ ಬಂದಾಗ ಮಾತ್ರ ಹರಿಯುವಂಥವು. ಬೇಸಿಗೆಯಲ್ಲಿ ದೊಣೆಯ ತಳದಲ್ಲಿ ಪಾಚಿ ಇರುತ್ತದೆ, ಕುಡಿಯುವ ನೀರಲ್ಲ. ನೀರು ಎಲ್ಲಿ ಎಂಬುದರ ಜೊತೆ ಯಾವ ತಿಂಗಳಲ್ಲಿ ಎಂದೂ ಬರೆದ ಕೈಪಿಡಿ ಸಿಕ್ಕರೆ ಬಿಡಬೇಡಿ.

ನಕ್ಷೆಯ ಪ್ರಶ್ನೆ

ಪುಸ್ತಕದ ನಕ್ಷೆಯಲ್ಲಿ ಅಳತೆಯ ಗೆರೆ, ಉತ್ತರ ದಿಕ್ಕಿನ ಗುರುತು ಎರಡೂ ಇಲ್ಲದಿದ್ದರೆ ಅದು ಬರೀ ಚಿತ್ರ. ಎತ್ತರದ ಸಮಗೆರೆಗಳೂ ಇದ್ದರೆ ಉತ್ತಮ. ಹೋಲಿಸಿ ನೋಡಲು ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಭೂಪಟ ಇದೆ: ಕಾಗದದ ಮೇಲೆ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಹಳೆಯ ಸಂಖ್ಯಾಕ್ರಮದಲ್ಲಿ ನಂದಿ ಬೆಟ್ಟ 57 ಜಿ/11ರಲ್ಲಿ, ಕೋಲಾರ ಮತ್ತು ಅಂತರಗಂಗೆ 57 ಕೆ/4ರಲ್ಲಿ, ಬಂಗಾರಪೇಟೆ 57 ಎಲ್/1ರಲ್ಲಿ, ಕೆಜಿಎಫ್ 57 ಎಲ್/5ರಲ್ಲಿ ಬರುತ್ತವೆ. 2005ರ ರಾಷ್ಟ್ರೀಯ ಭೂಪಟ ನೀತಿಯ ನಂತರ ಬಂದ ಸಾರ್ವಜನಿಕ ಸರಣಿಯಲ್ಲಿ ಸಂಖ್ಯೆಗಳು ಬೇರೆ. ಇಲಾಖೆಯ ತಾಣದಿಂದಲೇ ಇಳಿಸಿಕೊಳ್ಳಬಹುದು. ಸಾಮಾನ್ಯವಾಗಿ ಎರಡು ಸಮಗೆರೆಗಳ ನಡುವೆ 20 ಮೀಟರ್ ಏರಿನ ವ್ಯತ್ಯಾಸ. ಗೆರೆಗಳು ಒಂದಕ್ಕೊಂದು ಅಂಟಿಕೊಂಡ ಕಡೆ ಕಡಿದಾದ ಬಂಡೆ. ಪುಸ್ತಕ 'ಸುಲಭದ ಏರು' ಎಂದ ಜಾಗದಲ್ಲಿ ಹತ್ತು ಗೆರೆಗಳು ಒತ್ತಾಗಿದ್ದರೆ ನಂಬಬೇಕಾದದ್ದು ಗೆರೆಗಳನ್ನು. ರಸ್ತೆ, ಮನೆಗಳ ವಿಷಯದಲ್ಲಿ ಮಾತ್ರ ಈ ಭೂಪಟವೂ ಹಳೆಯದಿರಬಹುದು. ಅದಕ್ಕೆ ಮೊಬೈಲ್ ನಕ್ಷೆಯೇ ಮೇಲು.

ಗೆರೆಗಳ ಮಹತ್ವ ಕಾಗದದ ಮೇಲಷ್ಟೇ ಅಲ್ಲ. 2022ರ ಫೆಬ್ರವರಿಯಲ್ಲಿ ನಂದಿ ಪಕ್ಕದ ಬ್ರಹ್ಮಗಿರಿಯಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಜಾರಿ ಸುಮಾರು 300 ಅಡಿ ಕೆಳಗೆ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿದ್ದ. ವಾಯುಪಡೆಯ ಹೆಲಿಕಾಪ್ಟರ್ ಬಂದು ಅವನನ್ನು ಮೇಲೆತ್ತಬೇಕಾಯಿತು. ಅದು ಬೆಂಗಳೂರಿನಿಂದ ಕೂಗಳತೆಯ, ವಾರಾಂತ್ಯದಲ್ಲಿ ಸಾವಿರಾರು ಜನ ಸುತ್ತಾಡುವ ಬೆಟ್ಟಸಾಲು.

ಹೋಗಬೇಡಿ ಎಂದು ಹೇಳುವ ಪುಸ್ತಕ

ಈಗ ಮತ್ತೆ ಕೆಜಿಎಫ್‌ನ ನಂದಿದುರ್ಗದ ಕಡೆಗೆ. ಗಣಿಯಿಂದ ತೆಗೆದ ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಬೇರ್ಪಡಿಸಿ ಉಳಿದ ಹುಡಿಯನ್ನು ದಶಕಗಟ್ಟಲೆ ಸುರಿದು ಅಲ್ಲಿ ಬೂದು ಬಣ್ಣದ ದಿಬ್ಬಗಳೇ ಎದ್ದಿವೆ. ಊರಲ್ಲಿ ಅವು ಸೈನೈಡ್ ದಿಬ್ಬಗಳೆಂದೇ ಪ್ರಸಿದ್ಧ. ಸಿನಿಮಾದಿಂದಾಗಿ ಅವಕ್ಕೆ ಈಗ ಪ್ರವಾಸಿ ಕಳೆ ಬಂದಿದೆ, 'ಫೋಟೋಗೆ ಹೇಳಿಮಾಡಿಸಿದ ಗುಡ್ಡ' ಎಂದು ತೋರಿಸುವವರಿದ್ದಾರೆ. ಸೈನೈಡ್ ಮುಟ್ಟಿದರೆ ಸತ್ತೇ ಹೋಗುತ್ತೇವೆ ಎಂಬ ಭಯ ಒಂದು ಕಡೆ, ಎಷ್ಟೋ ವರ್ಷವಾಯಿತಲ್ಲ ಏನೂ ಆಗಲ್ಲ ಎಂಬ ಉಡಾಫೆ ಇನ್ನೊಂದು ಕಡೆ. ಎರಡೂ ಪೂರ್ತಿ ಸರಿಯಲ್ಲ. ಬಿಸಿಲು, ಗಾಳಿಗೆ ತೆರೆದ ಸೈನೈಡ್ ಕಾಲಕ್ರಮೇಣ ಬಹುಮಟ್ಟಿಗೆ ಒಡೆದುಹೋಗುತ್ತದೆ. ಒಡೆಯದೇ ಉಳಿಯುವುದು ಹಿಟ್ಟಿನಂಥ ಕಲ್ಲಿನ ಹುಡಿ. ಅದರಲ್ಲಿನ ಸಿಲಿಕಾ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಎಂದರೇನು ಎಂದು ಕೆಜಿಎಫ್‌ನ ಗಣಿ ಕುಟುಂಬಗಳಿಗೆ ಯಾರೂ ವಿವರಿಸಬೇಕಿಲ್ಲ. ಗಾಳಿ ಬೀಸುವ ತಿಂಗಳಲ್ಲಿ ಮಕ್ಕಳನ್ನು ಅಲ್ಲಿ ಆಡಲು ಬಿಡುವುದು ಬೇಡ. ಒಂದು ದಿನದ ಭೇಟಿಯಿಂದ ರೋಗ ಬರುತ್ತದೆ ಎಂದಲ್ಲ. ಆದರೆ ಹುಡಿಯ ವಿಷಯವನ್ನೇ ಎತ್ತದೆ 'ನೋಡಲೇಬೇಕಾದ ಗುಡ್ಡ' ಎಂದು ಬರೆದ ಪುಸ್ತಕ ಬೇರೆ ಜಾಗಗಳ ಅಪಾಯವನ್ನೂ ಮುಚ್ಚಿಟ್ಟಿರುತ್ತದೆ. ಪಾಳುಬಿದ್ದ ಗಣಿಬಾವಿಗಳ ಸುತ್ತ ನೆಲ ಕುಸಿಯುವ ಸಾಧ್ಯತೆ ಬೇರೆ ಇದೆ. ಬೇಲಿ ಇರುವ ಕಡೆ ಬೇಲಿಯಾಚೆಯೇ ಇರಬೇಕು.

ಬಂಗಾರಪೇಟೆಯಿಂದ ತಮಿಳುನಾಡಿನ ಗಡಿ ಕಡೆ ಹೋದರೆ ಕಾಮಸಮುದ್ರದ ಕಾಡಂಚು ಸಿಗುತ್ತದೆ. ಅಲ್ಲಿ ಆನೆಗಳು ಹೊಲಕ್ಕೆ ಬರುವುದು ರೈತರಿಗೆ ಹೊಸದೇನಲ್ಲ. 'ಪ್ರಶಾಂತ ಕಾಡುದಾರಿ, ಮುಂಜಾನೆ ನಡೆಯಲು ಚೆಂದ' ಎಂದು ಬರೆದು ಆನೆಯ ಹೆಸರೇ ಎತ್ತದ ಪುಸ್ತಕವನ್ನು ಏನೆನ್ನಬೇಕು? ಬಂಡೆಬೆಟ್ಟಗಳಲ್ಲಿ ಹೆಜ್ಜೇನಿನದೂ ಹೀಗೇ. ಮಲೆನಾಡಿನ ದಾರಿಗಳಾದರೆ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆಯ ಮಾತು ಬರಲೇಬೇಕು: 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಹೆಚ್ಚಾಗುವುದು ಡಿಸೆಂಬರ್‌ನಿಂದ ಮೇವರೆಗೆ. ಚಾರಣಿಗರು ಹೆಚ್ಚಾಗಿ ಹೊರಡುವ ತಿಂಗಳುಗಳೂ ಅವೇ.

ಪುಸ್ತಕ ಒಳ್ಳೆಯದೇ ಸಿಕ್ಕಿತು ಎಂದುಕೊಳ್ಳಿ. ಹೊರಡುವ ಹಿಂದಿನ ದಿನ ಆ ಪುಟ ತೆರೆದಿಟ್ಟು ವಲಯ ಅರಣ್ಯ ಕಚೇರಿಗೆ ಒಂದು ಫೋನ್ ಮಾಡಿ. ದಾರಿ ತೆರೆದಿದೆಯೇ, ಬುಕಿಂಗ್ ಬೇಕೇ, ಆನೆ ಓಡಾಟವಿದೆಯೇ: ಮೂರು ಪ್ರಶ್ನೆ, ಎರಡು ನಿಮಿಷ. ಉತ್ತರವನ್ನು ಪುಟದ ಅಂಚಿನಲ್ಲಿ ದಿನಾಂಕದ ಜೊತೆ ಪೆನ್ಸಿಲಿನಲ್ಲಿ ಬರೆದಿಡಿ. ಹಾವು ಕಚ್ಚಿದರೆ ಪ್ರತಿವಿಷ ಸಿಗುವ ಹತ್ತಿರದ ಆಸ್ಪತ್ರೆ ಯಾವುದು ಎಂಬುದೂ ಅಲ್ಲೇ ಇರಲಿ, ಜೊತೆಗೆ 108 ಮತ್ತು 112. ಯಾವ ಕಡೆಯಿಂದ ಹತ್ತಿ ಯಾವ ಕಡೆ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ಬುಡದಲ್ಲಿರುತ್ತೀರಿ ಎಂದು ಆ ಪುಟದ ಫೋಟೋ ತೆಗೆದು ಮನೆಯಲ್ಲಿರುವ ಒಬ್ಬರಿಗೆ ಕಳಿಸಿ. ಬಂಡೆಗಳ ಹಿಂದೆ ಮೊಬೈಲ್ ಸಿಗ್ನಲ್ ಹೋದ ಮೇಲೆ ನೀವು ಎಲ್ಲಿದ್ದೀರಿ ಎಂದು ಗೊತ್ತಿರುವುದು ಅವರೊಬ್ಬರಿಗೇ.